ಹಸಿರು ಸೀರೆಯವಳ ಕೈ

“ಏ ನೋಡ್ರೋ, ರಾಜಿ ಚೀಟ್ಯಾಗ ಹೆಸರಾ ಇಲ್ಲ!”

ಕ್ರಾಂತಿಕುಮಾರ ಹಿಂದಿನ ಬೆಂಚಿನಿಂದ ಅರ್ಧ ಎದ್ದು, ರಾಜೇಶ್ವರಿಯ ಭುಜದ ಮೇಲಿಂದ ಇಣುಕಿ ಕೂಗಿದ. ಇಡೀ ಕ್ಲಾಸು ತಿರುಗಿ ನೋಡಿತು.

ರಾಜಿ ಚೀಟಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. “ನಿಂದು ನೀ ನೋಡ್ಕೊ. ನನ್ನ ಚೀಟಿಗಿ ಯಾಕ ಕುತಿಗಿ ಉದ್ದ ಮಾಡ್ತಿ?”

“ನಂದು ನೋಡಿದ್ನಲ. ಬಿಕಾಸ್ ಅಂತ ಹೆಸರು, ಹನ್ನೊಂದು ವರ್ಷ. ಶಿವಗಂಗಾಂದು ರೆಹಮತ್, ಗೌಂಡಿ ಕೆಲಸ. ಎಲ್ಲಾರ್ದೂ ಹೆಸರು ಅವ. ನಿಂದಷ್ಟಾ ಖಾಲಿ!”

“ಖಾಲಿ ಇಲ್ಲ,” ಎಂದಳು ರಾಜಿ. ಮುಷ್ಟಿ ಬಿಡಿಸಿ ಮತ್ತೊಮ್ಮೆ ಓದಿಕೊಂಡಳು.

‘ಗುರುತು ಸಿಕ್ಕಿಲ್ಲ. ಹೆಂಗಸು. ಅಂದಾಜು ಮೂವತ್ತೈದು ವರ್ಷ. ಹಸಿರು ಸೀರೆ. ಎಡಗೈ ಮೇಲೆ ಮೂರು ಚುಕ್ಕಿ ಹಚ್ಚೆ.’

ನಾಲ್ಕು ದಿನದ ಹಿಂದೆ ದೂರದ ರಾಜ್ಯವೊಂದರಲ್ಲಿ ರೈಲು ಹಳಿ ತಪ್ಪಿ ಬಿದ್ದಿತ್ತು. ಇನ್ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಮನೆಮನೆಯ ಟಿ.ವಿ.ಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಅದೇ. ಒಂದರ ಮೇಲೊಂದು ಏರಿದ ಡಬ್ಬಿಗಳು, ಹಳಿಯ ಪಕ್ಕದಲ್ಲಿ ಒಂಟಿ ಚಪ್ಪಲಿಗಳು. ತೆಲುಗು ನಾಡಿನ ಗಡಿಯೊಳಗೆ, ಕಂಗ್ಟಿಯ ಹತ್ತಿರದ ಈ ಸಣ್ಣ ಕನ್ನಡದ ಊರಿನಲ್ಲಿ ರೈಲು ಇಲ್ಲ. ರೈಲು ನೋಡಬೇಕೆಂದರೆ ಬೀದರಿಗೆ ಹೋಗಬೇಕು. ಆದರೂ ಅದು ಎಲ್ಲರ ಮನೆಯೊಳಗೆ ಬಂದು ಬಿದ್ದ ಹಾಗೆ ಆಗಿತ್ತು.

ಶಾಲೆಯಲ್ಲಿ ಮಕ್ಕಳು ಹೊಸದೊಂದು ಆಟ ಕಟ್ಟಿದ್ದರು. ಒಬ್ಬರ ಅಂಗಿ ಒಬ್ಬರು ಹಿಡಿದು ‘ಕೂ’ ಎನ್ನುತ್ತ ಓಡುವುದು, ಆಮೇಲೆ ಧಡಾರನೆ ಒಬ್ಬರ ಮೇಲೊಬ್ಬರು ಬೀಳುವುದು. ಎರಡನೇ ಕ್ಲಾಸಿನ ಒಂದು ಹುಡುಗಿ ಕೆಳಗೆ ಸಿಕ್ಕಿಕೊಂಡು ಚೀರಿದಾಗ ಮಹಾನಂದಾ ಟೀಚರ್ ಓಡಿ ಬಂದಿದ್ದರು. ಅವರು ಯಾರಿಗೂ ಬೈಯಲಿಲ್ಲ. ಮರುದಿನ ನಾರಾಯಣಖೇಡದ ಬಸ್ಸಿನಿಂದ ಇಳಿಯುವಾಗ ಅವರ ಕೈಯಲ್ಲಿ ಕೇಸರಿ, ಬಿಳಿ, ಹಸಿರು ಕಾಗದದ ಸುರುಳಿಗಳಿದ್ದವು.

“ಆಟ ಆಡೂದು ಬ್ಯಾಡ ಅನ್ನಂಗಿಲ್ಲ,” ಎಂದರು ಟೀಚರ್. “ಮೊದಲ ಕುಂತು ಮಾತಾಡಮು. ಏನು ಕೇಳಬೇಕು ಅನಸ್ತದ, ಕೇಳ್ರಿ.”

ಎಲ್ಲರೂ ಒಟ್ಟಿಗೆ ಕೇಳಿದರು.

“ರೈಲು ತಾನಾ ಬಿತ್ತಾ, ಯಾರರೆ ಬೀಳಿಸಿದ್ರಾ ಟೀಚರ್?”

“ಇನ್ನ ನೋಡಾಕತ್ಯಾರ. ಖರೇ ಏನಂತ ನನಗೂ ಗೊತ್ತಿಲ್ಲ.”

“ಅವರಿಗಿ ಭಾಳ ನೋವಾತೇನ್ರಿ?”

“ಕೆಲವರಿಗಿ ಆಗಿರಬೇಕು.”

“ನಮ್ಮ ಕಾಕಾ ಬಾಂಬೇಕ ರೈಲಿನಾಗಾ ಹೋಗ್ತಾನ್ರಿ,” ಎಂದಳು ರಾಜಿಯ ಪಕ್ಕದಲ್ಲಿ ಕೂರುವ ಶಿವಗಂಗಾ. “ಅದೂ ಬೀಳ್ತದೇನ್ರಿ?”

“ದಿನಾ ಸಾವಿರಾರು ರೈಲು ಓಡ್ತಾವ, ಬೀಳಂಗಿಲ್ಲ. ಇದೊಂದು ಬಿತ್ತು. ಅಂಜಿಕಿ ಆದ್ರ ಆಗ್ಯಾದ ಅಂತ ಹೇಳ್ರಿ. ನನಗೂ ಆಗ್ಯಾದ.”

ಟೀಚರಿಗೂ ಅಂಜಿಕೆ ಎಂದು ಕೇಳಿ ಎಲ್ಲರಿಗೂ ಸ್ವಲ್ಪ ಹಗುರವೆನಿಸಿತು.

ಟೀಚರ್ ಮಾಡಬೇಕಾದ್ದನ್ನು ಹೇಳಿದರು. ಪ್ರತಿಯೊಬ್ಬರೂ ಬಣ್ಣದ ಕಾಗದದ ಮೇಲೆ ತಮ್ಮ ಅಂಗೈ ಇಟ್ಟು, ಸುತ್ತ ಪೆನ್ಸಿಲಿನ ಗೆರೆ ಎಳೆದು ಕತ್ತರಿಸಬೇಕು. ಡಬ್ಬಿಯಿಂದ, ರೈಲಿನಲ್ಲಿ ಸತ್ತವರೊಬ್ಬರ ವಿವರವಿರುವ ಒಂದು ಚೀಟಿ ಎತ್ತಬೇಕು. ಅದರಲ್ಲಿರುವವರ ಬಗ್ಗೆ ಆ ಕೈಯ ಮೇಲೆ ಬರೆಯಬೇಕು. ಮೂವತ್ಮೂರು ಮಕ್ಕಳು, ಮೂವತ್ಮೂರು ಕೈ. ಮೇಲೆ ಹನ್ನೊಂದು ಕೇಸರಿ, ನಡುವೆ ಹನ್ನೊಂದು ಬಿಳಿ, ಕೆಳಗೆ ಹನ್ನೊಂದು ಹಸಿರು.

“ಝಂಡಾದ ಮ್ಯಾಲ ಬರೀಬಾರದಲ್ರಿ!” ಎಂದ ಕ್ರಾಂತಿಕುಮಾರ. ಅವನಿಗೆ ಕಾಯಿದೆ ಎಂದರೆ ಬಹಳ ಇಷ್ಟ, ಬೇರೆಯವರಿಗೆ ಹೇಳುವುದಾದರೆ.

“ಇದು ಝಂಡಾ ಅಲ್ಲಪ್ಪ, ಝಂಡಾದ ಬಣ್ಣದ ಕೈ.”

“ಅವರೇನ್ ಮಿಲಿಟ್ರಿ ಮಂದೀನ್ರಿ ಮತ್ತ? ಆ ಬಣ್ಣ ಯಾಕ್ರಿ?”

“ಆ ಬಣ್ಣ ಮಿಲಿಟ್ರೀದಷ್ಟಾ ಏನೋ? ಕೂಲಿಗಿ ಹೊಂಟಾರ, ಮದಿವಿಗಿ ಹೊಂಟಾರ, ಸುಮ್ಮ ಊರಿಗಿ ಹೊಂಟಾರ, ಎಲ್ಲಾರ್ದೂ ಅದು.”

ಹೀಗೆ ಡಬ್ಬಿ ಸುತ್ತಿ ಬಂದಾಗ ರಾಜಿಯ ಕೈಗೆ ಆ ಚೀಟಿ ಸಿಕ್ಕಿತ್ತು.

ಟೀಚರ್ ಬಂದು ಓದಿದರು. ಅವರ ಮುಖ ಸಣ್ಣದಾಯಿತು. ತೆಲುಗು ಪೇಪರಿನಲ್ಲಿ ಬಂದ ಪಟ್ಟಿಯನ್ನು ಅವರು ಸಾಲಾಗಿ ಕನ್ನಡಕ್ಕೆ ಇಳಿಸಿದ್ದರು. ಕೊನೆಯ ಸಾಲು ಬೇರೆ ಎಂದು ಗಮನಕ್ಕೆ ಬಂದಿರಲಿಲ್ಲ.

“ಇದು ನನ್ನ ತಪ್ಪವ್ವ. ಕೊಡಿಲ್ಲಿ, ಬ್ಯಾರೆ ಬರದು ಕೊಡ್ತೀನಿ.”

ರಾಜಿ ಕೊಡಲು ಕೈ ಚಾಚಿದಳು. ಅರ್ಧಕ್ಕೇ ನಿಲ್ಲಿಸಿದಳು. “ಇದನ್ನ ಏನ್ ಮಾಡ್ತೀರಿ ಟೀಚರ್?”

“ಏನ್ ಮಾಡ್ತಾರ? ಹರದು ಒಗೀತೀನಿ.”

ರಾಜಿ ಚೀಟಿಯನ್ನು ಹಿಂದಕ್ಕೆ ತೆಗೆದುಕೊಂಡಳು. “ಬ್ಯಾಡ್ರಿ. ನನ್ ಕಡಿನಾ ಇರಲಿ.”

ಅವಳ ಪಾಲಿಗೆ ಹಸಿರು ಕಾಗದ ಬಂದಿತ್ತು. ಬಲಗೈಯಲ್ಲಿ ಪೆನ್ಸಿಲ್ ಹಿಡಿದಿದ್ದರಿಂದ ಎಡಗೈಯನ್ನೇ ಕಾಗದದ ಮೇಲೆ ಇಟ್ಟು ಗೆರೆ ಎಳೆದಳು. ಚೀಟಿಯಲ್ಲಿದ್ದುದೂ ಎಡಗೈಯೇ ಎಂದು ಆಗ ನೆನಪಾಯಿತು. ಪೆನ್ಸಿಲಿನ ತುದಿ ಬೆರಳ ಸಂದಿಯಲ್ಲಿ ಹಾಯುವಾಗ ಕಚಗುಳಿಯಾಗುತ್ತಿತ್ತು. ಆದರೆ ಅವಳಿಗೆ ನಗು ಬರಲಿಲ್ಲ.

*

ಗುರುವಾರ ಮಧ್ಯಾಹ್ನ ಅಂಟಿಸುವ ಕೆಲಸ ನಡೆಯಿತು. ನಾಲ್ಕು ಡ್ರಾಯಿಂಗ್ ಹಾಳೆಗಳನ್ನು ಕೂಡಿಸಿ, ಮೇಲೊಂದು ಕೆಳಗೊಂದು ಬಿದಿರಿನ ಕೋಲು ಕಟ್ಟಿದ್ದರು. ನೆಲದ ಮೇಲೆ ಹಾಸಿದ ಅದರ ಸುತ್ತ ಮಕ್ಕಳು ಮೊಣಕಾಲೂರಿ ಗೋಂದು ಹಚ್ಚುತ್ತಿದ್ದರು. ಹೆಚ್ಚು ಗೋಂದು ಹಾಳೆಗಿಂತ ಅಂಗಿಗಳಿಗೇ ಹತ್ತಿತ್ತು.

ಅಷ್ಟರಲ್ಲಿ ಹೆಡ್‌ಮಾಸ್ಟರ್ ಶಿವಶಂಕರಪ್ಪ ಸರ್ ಬಂದರು.

ಸರ್ ಕೆಟ್ಟವರಲ್ಲ. ಜೋರು ಮಳೆ ಬಂದರೆ ಸಣ್ಣ ಮಕ್ಕಳನ್ನು ತಮ್ಮ ಬೈಕಿನ ಮೇಲೆ ಕೂರಿಸಿಕೊಂಡು ಮನೆಗೆ ಬಿಡುತ್ತಿದ್ದರು. ಆದರೆ ಎಂ.ಇ.ಓ. ಸಾಹೇಬರು ಬರುತ್ತಾರೆ ಎಂದರೆ ಸಾಕು, ಬೇರೆ ಮನುಷ್ಯರೇ ಆಗುತ್ತಿದ್ದರು. ಎಂ.ಇ.ಓ. ಎಂದರೆ ಮಂಡಲದ ಶಾಲೆಗಳನ್ನೆಲ್ಲ ನೋಡಿಕೊಳ್ಳುವ ದೊಡ್ಡ ಅಧಿಕಾರಿ. ನಾಳೆ ಶುಕ್ರವಾರ ಅವರು ಬರುವವರಿದ್ದರು.

ಸರ್ ಕನ್ನಡಕ ಏರಿಸಿ ಒಂದೊಂದೇ ಕೈ ಓದಿದರು. “ಶಾಬಾಸ್... ಛಂದ ಅದ... ಇದು ಯಾರ ಅಕ್ಷರ, ಕೋಳಿ ಕೆದರಿದಂಗ?... ಶಾಬಾಸ್...” ಹಸಿರು ಸಾಲಿನ ನಡುವೆ ಬಂದು ನಿಂತರು.

“ಇದೇನಿದು? ‘ಗುರುತು ಸಿಕ್ಕಿಲ್ಲ’? ಸಾಲಿ ಅದೋ, ಪೊಲೀಸ್ ಠಾಣಾ ಅದೋ?”

“ಸರ್, ಅದು ರಾಜೇಶ್ವರಿದು,” ಎಂದರು ಮಹಾನಂದಾ ಟೀಚರ್. “ಹುಡುಗಿ ಮನಸಿನಿಂದ ಮಾಡ್ಯಾಳ್ರಿ. ಇರಲಿ ಬಿಡ್ರಿ.”

“ನೀವೂ ಹಿಂಗಂತೀರಲ್ಲ ಮೇಡಂ. ನಾಳಿ ಸಾಹೇಬ್ರು ನೋಡ್ತಾರ, ಫೋಟೋ ತಗೀತಾರ, ಮ್ಯಾಲಿನವರಿಗಿ ಕಳಸ್ತಾರ. ಹೆಸರಾ ಇಲ್ಲದ ಮನುಷ್ಯಾರಿಗಿ ಹೆಂಗ ಶ್ರದ್ಧಾಂಜಲಿ ಕೊಡೂದು?”

ಗೋಂದು ಇನ್ನೂ ಹಸಿಯಾಗಿತ್ತು. ಸರ್ ಬಗ್ಗಿ ಎರಡು ಬೆರಳಿನಲ್ಲಿ ಆ ಕೈಯನ್ನು ಸುಲಿದು ತೆಗೆದರು. ಹಸಿರು ಸಾಲಿನಲ್ಲಿ ಒಂದು ಹಲ್ಲು ಬಿದ್ದ ಹಾಗಾಯಿತು.

“ಯಾಕ್ರಿ ಸರ್?” ಎಂದಳು ರಾಜಿ.

ಸರ್ ಅವಳ ಕಡೆ ನೋಡಿದರು. ‘ಯಾಕ್ರಿ’ ಎಂದು ಅವರನ್ನು ಕೇಳುವವರು ಆ ಶಾಲೆಯಲ್ಲಿ ಇರಲಿಲ್ಲ. ಸಿಟ್ಟು ಮಾಡಲಿಲ್ಲ. ಕಾಗದದ ಕೈಯನ್ನು ಅವಳ ಕೈಗೇ ಕೊಟ್ಟರು.

“ಛಂದ ಕಾಣಂಗಿಲ್ಲವ್ವ. ‘ಜೈ ಹಿಂದ್’ ಅಂತ ಬರದು ಇನ್ನೊಂದು ಮಾಡಿಕೊಂಡು ಬಾ. ನಾಳಿ ಮುಂಜಾನಿ ಅಲ್ಲೇ ಅಂಟಸು. ಆತಿಲ್ಲ?”

ರಾಜಿ ‘ಆತು’ ಎನ್ನಲಿಲ್ಲ. ಗೋಂದು ಹತ್ತಿದ ಕೈಯನ್ನು ಗಣಿತದ ನೋಟ್‌ಬುಕ್ಕಿನ ನಡುವೆ ಇಟ್ಟುಕೊಂಡಳು.

ಮನೆಗೆ ಹೋಗುವ ದಾರಿಯಲ್ಲಿ ಕ್ರಾಂತಿಕುಮಾರ ಹಿಂದಿನಿಂದ ಹಾಡಿಕೊಂಡೇ ಬಂದ. “ರಾಜಿ ಕೈ ಕಡದ್ರು, ರಾಜಿ ಕೈ ಕಡದ್ರು...”

“ನಿನ್ ಬಾಯಿ ಕಡೀಲಿಲ್ಲಲ, ಅದಾ ದೊಡ್ಡ ತಪ್ಪು,” ಎಂದು ಶಿವಗಂಗಾ ಅವನ ಕಡೆ ಒಂದು ಹೆಂಟೆ ಎಸೆದಳು.

*

ಮನೆಯ ಮುಂದಿನ ಕಟ್ಟೆಯ ಮೇಲೆ ಆಯಿ ಉಣ್ಣೆ ಬಿಡಿಸುತ್ತ ಕೂತಿದ್ದಳು. ಆಯಿ ಎಂದರೆ ರಾಜಿಯ ಅಪ್ಪನ ತಾಯಿ ಲಚ್ಚಮ್ಮ. ಅಪ್ಪ ಕಾಶಪ್ಪ ಕುರಿ ಹೊಡೆದುಕೊಂಡು ಹೋದವನು ಇನ್ನೂ ಬಂದಿರಲಿಲ್ಲ. ಒಳಗೆ ಅವ್ವ ಮಾಣಿಕಮ್ಮ ರೊಟ್ಟಿ ತಟ್ಟುವ ಸದ್ದು ಕೇಳುತ್ತಿತ್ತು.

“ಮಾರಿ ಯಾಕ ಹಂಗಾಗ್ಯಾದ? ಯಾರರೆ ಬಡದ್ರೇನು?” ಎಂದಳು ಆಯಿ.

ರಾಜಿ ನೋಟ್‌ಬುಕ್ಕು ಬಿಚ್ಚಿದಳು. ಹಸಿರು ಕೈ ಒಂದು ಲೆಕ್ಕಕ್ಕೆ ಅಂಟಿಕೊಂಡಿತ್ತು. ಮೆಲ್ಲಗೆ ಬಿಡಿಸಿ ಆಯಿಯ ತೊಡೆಯ ಮೇಲಿಟ್ಟಳು. ಆಯಿಗೆ ಓದು ಬರುವುದಿಲ್ಲ. ರಾಜಿಯೇ ಓದಿ ಹೇಳಿದಳು. ಸರ್ ಏನು ಮಾಡಿದರು ಎನ್ನುವುದನ್ನೂ ಹೇಳಿದಳು.

“ಎಡಗೈ ಮ್ಯಾಲ ಮೂರು ಬಟ್ಟಾ?” ಎಂದು ಆಯಿ ಕೇಳಿದಳು. ತನ್ನ ಬಳೆಗಳನ್ನು ಮೇಲೆ ಸರಿಸಿದಳು. ಸುಕ್ಕುಗಟ್ಟಿದ ಚರ್ಮದ ಮೇಲೆ ಮಾಸಿದ ಹಸಿರು ಚುಕ್ಕಿಗಳಿದ್ದವು. ರಾಜಿ ಅವನ್ನು ದಿನಾ ನೋಡಿದ್ದಳು, ಎಣಿಸಿರಲಿಲ್ಲ. ಐದು.

“ಇವನ್ನ ಹಾಕೂ ಮುಂದ ನಾ ನಿನಕಿಂತ ಸಣ್ಣಾಕಿ. ಸೂಜಿ ಚುಚ್ಚಿದಂಗೆಲ್ಲ ಊರು ಕೇಳಂಗ ಒದರಿದ್ನಿ. ನಮ್ಮವ್ವ ನನ್ನ ಗಟ್ಟಿ ಹಿಡಕೊಂಡು ಬಾಯಾಗ ಬೆಲ್ಲ ಇಟ್ಲು.” ಆಯಿ ಕಾಗದದ ಕೈಯನ್ನು ಬೆರಳಿನಿಂದ ಸವರಿದಳು. “ಈಕಿಗೂ ಯಾರೋ ಬೆಲ್ಲ ಇಟ್ಟಾರ. ತವರು ಇಲ್ದ ಹಚ್ಚಿ ಇರ್ತಾವೇನು? ಆಕಿ ತವರಮನಿಯವರು ಬಂದಾರಾ?”

“ಹೆಂಗ ಬರ್ತಾರ ಆಯಿ? ಆಕಿ ಯಾರಂತಾ ಗೊತ್ತಿಲ್ಲ. ದವಾಖಾನ್ಯಾಗ ಇಟ್ಟು ಕಾಯಾಕತ್ಯಾರಂತ.”

“ಹಂಗಾರ ಇನ್ನ ಎತ್ತಿಲ್ಲ.” ಆಯಿ ಬಳೆಗಳನ್ನು ಕೆಳಗೆ ಇಳಿಸಿದಳು. “ಅಲ್ಲಿಯವರಾ ಕಾಯಾಕತ್ಯಾರ. ನಿಮ್ಮ ಸಾಲ್ಯಾಗ ಯಾಕ ಅವಸರ?”

ರಾಜಿಗೆ ಹೋದ ಬೇಸಿಗೆ ನೆನಪಾಯಿತು. ಓಣಿಯ ಕಲ್ಯಾಣಪ್ಪನ ಹೆಂಡತಿ ತೀರಿಕೊಂಡ ದಿನ. ಮದುವೆಯಾದ ಹೆಂಗಸು ಸತ್ತರೆ ಅವಳ ತವರುಮನೆಯವರು ಬಂದು, ತಾವು ತಂದ ಸೀರೆ ಹೊದಿಸುವವರೆಗೆ ಹೆಣ ಎತ್ತುವಂತಿಲ್ಲ. ಆ ಊರಿನ ರೂಢಿ ಅದು. ಕಲ್ಯಾಣಪ್ಪನ ಹೆಂಡತಿಗೆ ಅಣ್ಣ ತಮ್ಮ ಯಾರೂ ಉಳಿದಿರಲಿಲ್ಲ. ಬಿಸಿಲು ಏರುತ್ತಿತ್ತು. “ಬರಾವ್ರು ಯಾರೂ ಇಲ್ಲ, ಏಳ್ರಿ, ಎತ್ತರಿ,” ಎಂದು ಗಂಡಸರು ಟವೆಲ್ ಕೊಡವುತ್ತ ಎದ್ದಿದ್ದರು. ಆಗ ಆಯಿ ಕುಬುಸದ ಬಟ್ಟೆಯೊಂದನ್ನು ಹಿಡಿದು ಮಂದಿಯನ್ನು ಸರಿಸಿಕೊಂಡು ಹೋಗಿ, ತಲೆಯ ಹತ್ತಿರ ಕೂತುಬಿಟ್ಟಿದ್ದಳು. ನಾಲ್ಕು ಜನ ಗಟ್ಟಿ ಗಂಡಸರು ಸುಮ್ಮನೆ ಕೈಕಟ್ಟಿ ನಿಂತಿದ್ದರು. ಮೂರು ಗಂಟೆಗೆ ಔರಾದ ಕಡೆಯಿಂದ ದೂರದ ಅಣ್ಣನ ಮಗನೊಬ್ಬ ಸೀರೆ ಹಿಡಿದು ಟೆಂಪೋದಿಂದ ಇಳಿದ ಮೇಲೆಯೇ ಆಯಿ ಎದ್ದದ್ದು.

“ಆಯಿ, ನೀ ಕಲ್ಯಾಣಪ್ಪ ಕಾಕಾನ ಹೆಂಡ್ತಿ ತವರಿನಾಕಿ ಅಲ್ಲಲ? ನಿಂದು ಊರಾ ಬ್ಯಾರೆ.”

“ಅಲ್ಲ.”

“ಮತ್ತ ಹೆಂಗ ಕುಂತಿ?”

“ಕುಂತ ಮ್ಯಾಲ ಆದ್ನಿ,” ಎಂದಳು ಆಯಿ, ಉಣ್ಣೆಯೊಳಗಿನ ಮುಳ್ಳೊಂದನ್ನು ಕಿತ್ತು ಎಸೆಯುತ್ತ.

ಒಳಗಿನಿಂದ ಅವ್ವ ಬಾಗಿಲಿಗೆ ಬಂದಳು, ಕೈತುಂಬ ಹಿಟ್ಟು. “ಅತ್ತಿ, ಹುಡುಗಿ ಮುಂದ ಇಂಥಾ ಮಾತು ಯಾಕ್ರಿ? ಅಂಜ್ಕೊಳ್ತಾಳ.”

“ಟಿ.ವಿ. ನೋಡಿದಾಗಾ ಅಂಜ್ಯಾಳ. ಈಗ ಕೇಳಾಕತ್ಯಾಳ,” ಎಂದಳು ಆಯಿ.

ಅವ್ವ ಇನ್ನೇನೋ ಹೇಳಲಿದ್ದಳು. ಹೆಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬಂತು. ಓಡಿಹೋದಳು.

ರಾಜಿ ನೀಲಿ ಪೆನ್ನು ತೆಗೆದಳು. ಕಾಗದದ ಕೈಯ ಮೇಲೆ, ಮಣಿಕಟ್ಟಿನ ಹತ್ತಿರ, ಮೂರು ಚುಕ್ಕಿ ಇಟ್ಟಳು. ‘ಜೈ ಹಿಂದ್’ ಎಂದು ಬರೆಯಲು ಅವಳಲ್ಲಿ ಹಸಿರು ಕಾಗದದ ಇನ್ನೊಂದು ತುಂಡು ಇತ್ತು. ಅದನ್ನು ಹೊರಗೆ ತೆಗೆಯಲೇ ಇಲ್ಲ.

*

ಶುಕ್ರವಾರ ಶಾಲೆಯ ಅಂಗಳಕ್ಕೆ ನೀರು ಹೊಡೆದಿದ್ದರು. ವರಾಂಡದ ಗೋಡೆಗೆ ಎರಡು ಮೊಳೆ ಬಡಿದಿದ್ದರು. ಕೆಳಗೆ ನೆಲದ ಮೇಲೆ ಮೂವತ್ತೆರಡು ಕೈಗಳ ಹಾಳೆ ಹಾಸಿತ್ತು. ರಾಜಿಯ ಕ್ಲಾಸಿನ ಮಕ್ಕಳೆಲ್ಲ ಸಾಲಾಗಿ, ಕೈಕಟ್ಟಿ ನಿಂತಿದ್ದರು. ಶಿವಶಂಕರಪ್ಪ ಸರ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಗೇಟಿಗೂ ವರಾಂಡಕ್ಕೂ ಓಡಾಡುತ್ತಿದ್ದರು.

“ಏ ರಾಜೇಶ್ವರಿ, ಎಲ್ಲದ ನಿನ್ನ ಕೈ? ಜಲ್ದಿ ಅಂಟಸು. ಸಾಹೇಬ್ರು ಕಂಗ್ಟಿ ಬಿಟ್ಟಾರಂತ.”

ರಾಜಿ ನೋಟ್‌ಬುಕ್ಕಿನಿಂದ ಕೈ ತೆಗೆದಳು. ಸರ್ ನೋಡಿದರು. ಅದೇ ಕೈ. ಮೇಲೆ ಮೂರು ಚುಕ್ಕಿ ಬೇರೆ.

“ನಿನಗ ಏನ್ ಹೇಳಿದ್ದೆ ನಾನು?”

“‘ಜೈ ಹಿಂದ್’ ಬರಿ ಅಂದಿದ್ರಿ ಸರ್.”

“ಮತ್ತ?”

“ಅದನ್ನ ಬರದ್ರ ಈಕಿ ಎಲ್ಲಿ ಹೋಗ್ಬೇಕ್ರಿ ಸರ್?”

ಸರ್ ಹಣೆ ಒರೆಸಿಕೊಂಡರು. “ವಾದ ಹಚ್ಚಬ್ಯಾಡ. ಶಿವಗಂಗಾ, ಹೋಗು, ಒಂದು ಹಸಿರು ಕೈ ಮಾಡಿಕೊಂಡು ಬಾ.”

“ಹಸಿರು ಕಾಗದ ಮುಗದಾದ್ರಿ ಸರ್,” ಎಂದಳು ಶಿವಗಂಗಾ, ಮೇಜಿನ ಮೇಲಿದ್ದ ಹಸಿರು ಕಾಗದದ ಸುರುಳಿಗೆ ಬೆನ್ನು ಕೊಟ್ಟು ನಿಂತು.

“ಹೋಗಲಿ, ಖಾಲಿನಾ ಇರಲಿ. ಯಾರು ಎಣಸ್ತಾರ? ಏ, ನಾಲ್ಕು ಮಂದಿ ಬರ್ರೋ. ಕ್ರಾಂತಿ, ಆ ಕಡಿ ಹಿಡಿ. ಎತ್ತರಿ, ಎತ್ತರಿ.”

ನಾಲ್ಕು ಹುಡುಗರು ನಾಲ್ಕು ಮೂಲೆಗೆ ಬಂದು ಬಿದಿರಿನ ಕೋಲಿಗೆ ಕೈ ಹಾಕಿದರು.

ಎಲ್ಲರೂ ನೋಡನೋಡುತ್ತಿದ್ದಂತೆ ರಾಜಿ ಸಾಲು ಬಿಟ್ಟು ಬಂದಳು. ಹಾಳೆಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. ಹಸಿರು ಸಾಲಿನ ಖಾಲಿ ಜಾಗದ ಮೇಲೆ ತನ್ನ ಎಡಗೈಯನ್ನು ಬೆರಳು ಬಿಡಿಸಿ ಇಟ್ಟಳು.

“ಎತ್ತಬ್ಯಾಡ್ರಿ.”

“ಏಳು ಮ್ಯಾಲ!” ಸರ್ ಧ್ವನಿ ಒಡೆಯಿತು.

“ಆಕಿ ತವರಮನಿಯವರು ಬಂದಿಲ್ರಿ ಸರ್. ಬರೂತನಕ ಎತ್ತಂಗಿಲ್ಲ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವರ ಪಕ್ಕದವರು ಯಾರೂ ನಗದಿದ್ದುದರಿಂದ ಆ ನಗು ಅಲ್ಲೇ ನಿಂತಿತು. ಈ ಊರಿನ ಮಕ್ಕಳು ಅವರು. ಹೀಗೆ ಕೂತವರನ್ನು ಎಲ್ಲರೂ ನೋಡಿದ್ದರು. ದೊಡ್ಡವರು ಕೂಡ ಅವರ ಮುಂದೆ ಧ್ವನಿ ಏರಿಸದಿದ್ದುದನ್ನೂ ನೋಡಿದ್ದರು.

“ನೀ ಏನು ಆಕಿ ಬಳಗಾ?” ಎಂದರು ಸರ್. “ಆಕಿ ಯಾ ಊರಾಕಿ? ಹೇಳು.”

“ಗೊತ್ತಿಲ್ರಿ.”

“ಹೆಸರೇನು?”

“ಗೊತ್ತಿಲ್ರಿ.”

“ಮತ್ತ ನೀ ಯಾರು ಅಲ್ಲಿ ಕೂಡಾಕ?”

ರಾಜಿಯ ಎದೆ ಎಷ್ಟು ಜೋರಾಗಿ ಬಡಿದುಕೊಳ್ಳುತ್ತಿತ್ತೆಂದರೆ ಅದು ಅಂಗೈಯೊಳಗಿಂದ ಹಾಳೆಗೆ ಇಳಿಯುತ್ತಿದೆ ಎನಿಸಿತು. ಆದರೂ ಕೈ ಎತ್ತಲಿಲ್ಲ.

“ತವರಿನ ಕಡಿ ಕುಂತೀನ್ರಿ,” ಎಂದಳು.

ಅಡುಗೆ ಕೋಣೆಯ ಬಾಗಿಲಲ್ಲಿ ಮಧ್ಯಾಹ್ನದ ಊಟ ಬೇಯಿಸುವ ಉಮಾಬಾಯಿ ಸೌಟು ಹಿಡಿದೇ ನಿಂತಿದ್ದಳು. ಮಹಾನಂದಾ ಟೀಚರ್ ಅವಳ ಕಡೆ ನೋಡಿದರು. ಉಮಾಬಾಯಿ ಸೌಟನ್ನು ಬಾಗಿಲಿಗೆ ಒರಗಿಸಿ ಅಂಗಳಕ್ಕೆ ಇಳಿದಳು.

“ಸರ್, ತವರಿನವರು ಕುಂತಾಗ ಎತ್ತಬಾರದ್ರಿ.”

“ನೀ ಸುಮ್ಮಿರವ್ವ! ಇದೇನು ಹೆಣಾ? ಕಾಗದ ಅದ, ಕಾಗದ!”

“ಬರೇ ಕಾಗದ ಆದ್ರ ಇಷ್ಟು ಕೂಸುಗಳನ್ನ ಬಿಸಲಾಗ ಕೈ ಕಟ್ಟಿಸಿ ಯಾಕ ನಿಲ್ಲಿಸೀರಿ?”

ಸರ್ ಮತ್ತೆ ಹಣೆ ಒರೆಸಿಕೊಂಡರು.

“ಎತ್ತೋ ಕ್ರಾಂತಿ,” ಎಂದರು ಕೊನೆಗೆ, ಮೆತ್ತಗೆ.

ಕ್ರಾಂತಿಕುಮಾರ ಕೋಲು ಹಿಡಿದು ಬಗ್ಗಿದ್ದ. ಅವನ ಮೂಗಿನ ಕೆಳಗೇ ಅವನು ಅಂಟಿಸಿದ ಕೇಸರಿ ಕೈ ಇತ್ತು. ಬಿಕಾಸ್, ಹನ್ನೊಂದು ವರ್ಷ. ಅವನು ಅದನ್ನು ನೋಡಿದ. ರಾಜಿಯನ್ನು ನೋಡಿದ. ಕೋಲನ್ನು ನೆಲಕ್ಕೆ ಬಿಟ್ಟು ಕೈ ಜಾಡಿಸಿದ.

“ಆಗಲ್ರಿ ಸರ್. ಭಾರ ಅದ.”

“ಭಾರಾ? ನಾಲ್ಕು ಹಾಳಿ ಭಾರ ಏನೋ ನಿನಗ?”

“ಹೌದ್ರಿ,” ಎಂದ ಕ್ರಾಂತಿ, ಕಣ್ಣು ಮಿಟುಕಿಸದೆ. ಉಳಿದ ಮೂವರೂ ಒಬ್ಬರ ಮುಖ ಒಬ್ಬರು ನೋಡಿ ಕೋಲು ಬಿಟ್ಟರು.

ದೂರದ ತಿರುವಿನಲ್ಲಿ ಜೀಪಿನ ಹಾರ್ನ್ ಕೇಳಿತು.

ಸರ್ ಗೇಟಿನ ಕಡೆ ನೋಡಿದರು, ಹಾಳೆಯ ಕಡೆ ನೋಡಿದರು. ಆಮೇಲೆ ಇಸ್ತ್ರಿಯ ಪ್ಯಾಂಟನ್ನು ಮೊಣಕಾಲಿನ ಹತ್ತಿರ ಸ್ವಲ್ಪ ಎತ್ತಿ ಹಿಡಿದು ರಾಜಿಯ ಎದುರು ಕುಕ್ಕರಗಾಲಲ್ಲಿ ಕೂತರು. ಅಷ್ಟು ಹತ್ತಿರದಿಂದ ಅವಳು ಅವರ ಮುಖ ನೋಡಿದ್ದು ಅದೇ ಮೊದಲು.

“ನಮ್ಮವ್ವ ಹೋದಾಗ,” ಎಂದರು ಅವರು, ಬೇರೆ ಯಾರಿಗೂ ಕೇಳದ ಹಾಗೆ, “ನಮ್ಮ ಸೋದರಮಾವ ಬರೂತನಕ ಐದು ತಾಸು ಕಾದಿದ್ವಿ.” ಸ್ವಲ್ಪ ತಡೆದು, “ಸಾಹೇಬ್ರು ಕೇಳಿದ್ರ ಏನ್ ಹೇಳ್ಲಿ ನಾ?”

“ನೀವು ಹೇಳೂದು ಬ್ಯಾಡ್ರಿ. ನಾ ಹೇಳ್ತೀನ್ರಿ.”

ಸರ್ ಹಿಂದಕ್ಕೆ ಕೈ ಚಾಚಿದರು. ಮಹಾನಂದಾ ಟೀಚರ್ ಅವರ ಕೈಗೆ ಗೋಂದಿನ ಬಾಟಲಿ ಇಟ್ಟರು.

*

ಎಂ.ಇ.ಓ. ಸಾಹೇಬರು ಜೀಪಿನಿಂದ ಇಳಿದು ಬರುವಾಗ ಮೂವತ್ಮೂರು ಕೈಗಳು ಗೋಡೆಯ ಮೇಲಿದ್ದವು. ಒಂದು ಮಾತ್ರ ಇನ್ನೂ ಹಸಿಯಾಗಿತ್ತು. ಅದರ ಹೆಬ್ಬೆರಳಿನಿಂದ ಗೋಂದಿನ ಒಂದು ಹನಿ ಕೆಳಗೆ ಇಳಿಯುತ್ತಿತ್ತು.

ಸಾಹೇಬರು ಮೇಲಿನ ಸಾಲಿನಿಂದ ಓದುತ್ತ ಬಂದರು. ಅವರಿಗೆ ಕನ್ನಡ ಅಷ್ಟಕ್ಕಷ್ಟೇ. ಸರ್ ಪಕ್ಕದಲ್ಲಿ ನಿಂತು ತೆಲುಗಿನಲ್ಲಿ ಹೇಳುತ್ತಿದ್ದರು. ಹಸಿರು ಸಾಲಿನ ನಡುವೆ ಸಾಹೇಬರ ಬೆರಳು ನಿಂತಿತು. ಇದು ಯಾರದು, ಹೆಸರು ಯಾಕಿಲ್ಲ ಎಂದು ಕೇಳಿದರು.

ಸರ್ ಒಂದು ಹೆಜ್ಜೆ ಬದಿಗೆ ಸರಿದರು.

“ಆಕಿ ಮನಿಯವರು ಇನ್ನ ಬಂದಿಲ್ರಿ,” ಎಂದಳು ರಾಜಿ. ಅವಳ ದನಿ ತಾನು ಅಂದುಕೊಂಡಿದ್ದಕ್ಕಿಂತ ದೊಡ್ಡದಾಗಿ ಬಂತು. “ಅವರು ಬಂದು ಹೆಸರು ಹೇಳ್ತಾರ, ಆಗ ಬರೀತೀನ್ರಿ. ಅಲ್ಲೀತನಕ ಆಕಿ ಜಾಗಾ ಯಾರಿಗೂ ಕೊಡಂಗಿಲ್ರಿ.”

ಸರ್ ಆ ಮಾತನ್ನು ತೆಲುಗಿಗೆ ತಿರುಗಿಸಿದರು. ಒಂದು ಮಾತೂ ಬಿಡಲಿಲ್ಲ. ಕೊನೆಯದನ್ನೂ ಹೇಳಿದರು.

ಸಾಹೇಬರು ರಾಜಿಯನ್ನು ನೋಡಿದರು. ಹೊಗಳಲಿಲ್ಲ, ಬೈಯಲೂ ಇಲ್ಲ. ಫೋಟೋ ತೆಗೆಯಲೆಂದು ಹಿಡಿದಿದ್ದ ಫೋನನ್ನು ಜೇಬಿಗೆ ಹಾಕಿ ಸಾಲಿನ ಮುಂದೆ ಬಂದು ನಿಂತರು.

“ಎರಡು ನಿಮಿಷ ಮೌನ,” ಎಂದರು ಶಿವಶಂಕರಪ್ಪ ಸರ್. “ಎಲ್ಲಾರೂ ಕಣ್ ಮುಚ್ರಿ.”

ಮೂವತ್ತೆರಡು ಮಕ್ಕಳು ಕಣ್ಣು ಮುಚ್ಚಿದರು. ಟೀಚರ್ ಮುಚ್ಚಿದರು. ಉಮಾಬಾಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ರಾಜಿ ಮುಚ್ಚಲಿಲ್ಲ.

ಈ ಹೊತ್ತಿಗೆ ದೂರದ ಒಂದು ಊರಿನಲ್ಲಿ ಯಾರೋ ದಾರಿ ನೋಡುತ್ತಿರಬಹುದು ಎನಿಸಿತು ಅವಳಿಗೆ. ಎರಡು ದಿನ ತಡವಾಗಿದೆ, ಬಂದಾಳು ಎನ್ನುತ್ತಿರಬಹುದು. ಅವಳ ಬಟ್ಟಲಿನಲ್ಲಿ ಒಂದು ರೊಟ್ಟಿ ತೆಗೆದಿಟ್ಟಿರಬಹುದು. ಮಗಳೊಬ್ಬಳಿದ್ದರೆ, ರಸ್ತೆಯಲ್ಲಿ ಹಸಿರು ಬಣ್ಣ ಕಂಡಾಗಲೆಲ್ಲ ಓಡಿಹೋಗಿ ನೋಡಿ ವಾಪಸು ಬರುತ್ತಿರಬಹುದು. ಆ ಮನೆಯಲ್ಲಿ ಇನ್ನೂ ಯಾರೂ ಅತ್ತಿಲ್ಲ.

ಅವರು ಬೇಗ ಬರಲಿ ಎಂದು ರಾಜಿ ನಿನ್ನೆಯಿಂದ ಬೇಡಿಕೊಂಡಿದ್ದಳು. ಬಂದ ಕೂಡಲೇ ಅವಳು ಇಲ್ಲವೆಂದು ಅವರಿಗೆ ಗೊತ್ತಾಗಿಬಿಡುತ್ತದೆ ಎಂದು ಈಗ ಹೊಳೆಯಿತು. ಬರಲಿ ಎಂದೂ ಅನಿಸಿತು, ಇವತ್ತೊಂದು ದಿನ ಬರದಿರಲಿ ಎಂದೂ ಅನಿಸಿತು. ಎರಡೂ ಒಟ್ಟಿಗೆ ಅನಿಸಿತು.

ಸರ್ ಒಂದು ಕಣ್ಣು ತೆರೆದು ಅವಳ ಕಡೆ ನೋಡಿದರು. ಅವಳ ಕಣ್ಣು ತೆರೆದೇ ಇತ್ತು. ಅವರು ಮತ್ತೆ ಕಣ್ಣು ಮುಚ್ಚಿಕೊಂಡರು.

ರಾಜಿ ನೆಟ್ಟಗೆ ನಿಂತು ಗೇಟಿನ ಆಚೆಯ ರಸ್ತೆಯನ್ನೇ ನೋಡುತ್ತಿದ್ದಳು.